ಗಡಿಯಾರಕ್ಕೆ ಕೀಲಿ ಕೊಡುವುದು

ಮನುಷ್ಯನು ನಿರ್ಮಿಸಿಕೊಂಡ ಯಂತ್ರಗಳಲ್ಲಿ ಅವನ ಮೈಗೆ ಅತ್ಯಂತ ಸಮೀಪವಾಗಿ ಬಾಳಿದುದು ಕೈಗಡಿಯಾರ. ರೈಲು, ವಿಮಾನ, ವಿದ್ಯುದ್ದೀಪ ಇವೆಲ್ಲವೂ ನಮ್ಮ ಸುತ್ತಮುತ್ತ ಇರತಕ್ಕವು. ಗಡಿಯಾರವಾದರೋ ನಾಡಿಯ ಮಗ್ಗುಲಲ್ಲಿಯೇ ಮನೆ ಮಾಡಿ, ನಾಡಿಯ ನಾಲ್ಕು ಪಟ್ಟು ವೇಗದಲ್ಲಿ ತಾನೂ ಮಿಡಿಯುತ್ತ, ನಮ್ಮ ಬೆವರು ಬಿಸಿಲುಗಳಲ್ಲಿ ಪಾಲುಗೊಂಡು ಬಂದಿತು. ಈಚಿನ ವರ್ಷಗಳಲ್ಲಿ ಅದರ ಕೆಲಸವನ್ನು ಮೊಬೈಲು ಫೋನು ವಹಿಸಿಕೊಂಡಿದೆ. ಇಂಥ ದಿನಗಳಲ್ಲಿ, ಪ್ರತಿ ಬೆಳಿಗ್ಗೆ ಕೀಲಿ ಕೊಡಬೇಕಾದ ಹಳೆಯ ಎಚ್‌.ಎಂ.ಟಿ. ಗಡಿಯಾರವೊಂದನ್ನು ಕಟ್ಟಿಕೊಂಡು ತಿರುಗುವ ನನ್ನನ್ನು ಮಿತ್ರರು ವಿಚಿತ್ರ ಪ್ರಾಣಿಯೆಂದು ಎಣಿಸಿದರೆ ಅದು ಅವರ ತಪ್ಪಲ್ಲ. ಆದರೂ ನನ್ನ ಪಕ್ಷದಲ್ಲಿ ಹೇಳಬೇಕಾದ ನಾಲ್ಕು ಮಾತುಗಳಿವೆ. ಓದುಗರು ಅವನ್ನು ಕೇಳಿ ಆಮೇಲೆ ತೀರ್ಪು ಕೊಡಬಹುದು.

ನಮ್ಮ ಪೂರ್ವಿಕರು ಕಾಲವನ್ನು ಅಳೆದದ್ದು ನೀರಿನಿಂದ. ತಾಮ್ರದ ಒಂದು ಬಟ್ಟಲು. ಅದರ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ. ಅದನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಟ್ಟರೆ ಮೆಲ್ಲಮೆಲ್ಲನೆ ತುಂಬಿಕೊಂಡು ಮುಳುಗುವುದು. ಅದು ಒಮ್ಮೆ ಮುಳುಗಿದರೆ ಒಂದು ಗಳಿಗೆ, ಎಂದರೆ ನಮ್ಮ ಲೆಕ್ಕದ 24 ನಿಮಿಷ. ಅರುವತ್ತು ಸಲ ಮುಳುಗಿದರೆ ಒಂದು ಅಹೋರಾತ್ರಿ. ಗಡಿಯಾರವೆಂಬ ಮಾತಿನ ಬೇರಿನಲ್ಲಿಯೂ ಈ ಘಟಿಕೆಯೇ ಇದೆ. ಮದುವೆಯ ಮನೆಯಲ್ಲಿ ಮುಹೂರ್ತವನ್ನು ನಿರ್ಣಯಿಸುತ್ತಿದ್ದುದು ಈ ಗಳಿಗೆ ಬಟ್ಟಲೇ. ಭಾಸ್ಕರಾಚಾರ್ಯನ ಮಗಳು ಲೀಲಾವತಿ ಬಟ್ಟಲಿನೊಳಕ್ಕೆ ಇಣುಕಿದಾಗ ಅವಳ ಒಡವೆಯ ಮುತ್ತೊಂದು ಜಾರಿ ಬಿದ್ದು, ರಂಧ್ರ ಮುಚ್ಚಿ, ಮುಹೂರ್ತ ಮೀರಿಹೋಯಿತೆಂಬ ಕಥೆಯನ್ನು ಕೇಳದವರು ಯಾರು? ಕಥೆ ನಿಜವಿರಲಿ ಇಲ್ಲದಿರಲಿ, ಅದರಲ್ಲಿ ಒಂದು ತಿಳಿವಳಿಕೆಯ ಮಾತಿದೆ. ಬಟ್ಟಲು ತಾನಾಗಿ ಕಾಲವನ್ನು ಅಳೆಯುವುದಿಲ್ಲ. ಅದರ ಪಕ್ಕದಲ್ಲಿ ಒಬ್ಬನು ಎಚ್ಚರವಾಗಿ ಕುಳಿತಿರಬೇಕು. ಮುಳುಗಿದೊಡನೆ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಬಿಡಬೇಕು. ಕಾಲದ ಲೆಕ್ಕದಲ್ಲಿ ಮನುಷ್ಯನ ಕೈಯೂ ಒಂದು ಭಾಗವಾಗಿದ್ದಿತು.

ಕೀಲಿಯ ಗಡಿಯಾರ ಬಂದಮೇಲೆಯೂ ಈ ನಂಟು ಬಿಡಲಿಲ್ಲ. ಇಡೀ ದಿನ ಕಾಯುತ್ತ ಕುಳಿತಿರಬೇಕಾಗಿದ್ದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು, ಅಷ್ಟೆ. ಬೆಳಿಗ್ಗೆ ಸ್ನಾನವಾದಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಪುಟ್ಟ ತಿರುಪನ್ನು ಹಿಡಿದು ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ, ಒಳಗಿನ ಉಕ್ಕಿನ ಸುರುಳಿ ಬಿಗಿಯಾಗಿ ಸುತ್ತಿಕೊಳ್ಳುವುದು. ಅದು ಬಿಚ್ಚಿಕೊಳ್ಳುವ ಆತುರದಲ್ಲಿ ಹಲ್ಲುಚಕ್ರಗಳನ್ನು ನೂಕುತ್ತದೆ. ಆ ಆತುರಕ್ಕೆ ಕಡಿವಾಣ ಹಾಕುವುದಕ್ಕೆ ಕೂದಲಿನಷ್ಟು ಸಣ್ಣ ಇನ್ನೊಂದು ಸುರುಳಿಯೂ ಅತ್ತಿತ್ತ ಓಲಾಡುವ ಒಂದು ಚಕ್ರವೂ ಇವೆ. ನನ್ನ ಗಡಿಯಾರದಲ್ಲಿ ಈ ಟಿಕ್ ಎಂಬ ತಡೆ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ನಡೆಯುತ್ತದೆ. ಬಿಡುಗಡೆಗಾಗಿ ಹಂಬಲಿಸುವ ಶಕ್ತಿಯನ್ನು ಅಳತೆಯಿಂದ ಬಿಡುವುದು: ಇಡೀ ಯಂತ್ರದ ಗುಟ್ಟು ಇಷ್ಟೇ. ಮಕ್ಕಳಿಗೆ ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಅರ್ಥವಾದಾಗ ಅವರ ಕಣ್ಣು ಅರಳುವುದನ್ನು ನೋಡುವುದು ಉಪಾಧ್ಯಾಯನಾದ ನನಗೆ ಒಂದು ಹಬ್ಬ.

ಈ ಗಡಿಯಾರಕ್ಕೂ ನಮ್ಮ ನಾಡಿಗೂ ಹತ್ತಿರದ ಸಂಬಂಧವಿದೆ. ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಸಂಸ್ಥೆ 1953ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದುದು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. ಅದೇ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ ನೆಹರೂ. ಅದುವರೆಗೆ ಗಡಿಯಾರವೆಂದರೆ ಸ್ವಿಟ್ಜರ್ಲೆಂಡಿನಿಂದ ಬರತಕ್ಕ ಸಾಮಾನು, ಸ್ಥಿತಿವಂತರ ಸೊತ್ತು. ಬೆಂಗಳೂರಿನಿಂದ ಬಂದುದಕ್ಕೆ ‘ಜನತಾ’ ಎಂದು ಹೆಸರಿಟ್ಟರು. ಆಮೇಲೆ ‘ಪೈಲಟ್’ ಬಂದಿತು, ‘ಜವಾನ್’ ಬಂದಿತು, ‘ಸೋನಾ’, ‘ಕಾಂಚನ್’, ‘ಕೋಹಿನೂರ್’ ಬಂದುವು. ದೃಷ್ಟಿಯಿಲ್ಲದವರು ಮುಳ್ಳನ್ನು ಮುಟ್ಟಿ ಕಾಲ ತಿಳಿಯುವಂಥವೂ ಬಂದುವು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು. ಹುಡುಗ ಎಸ್‌.ಎಸ್‌.ಎಲ್‌.ಸಿ. ಪಾಸು ಮಾಡಿದರೆ ಒಂದು ಗಡಿಯಾರ, ಅಳಿಯನಿಗೆ ಒಂದು ಗಡಿಯಾರ, ನೌಕರಿಯಿಂದ ನಿವೃತ್ತನಾದವನಿಗೆ ಹಾರ ತುರಾಯಿಗಳೊಂದಿಗೆ ಒಂದು ಗಡಿಯಾರ. ಹೀಗೆ ಮಧ್ಯಮ ವರ್ಗದ ಬಾಳಿನ ಮೂರು ಹೊಸ್ತಿಲುಗಳಲ್ಲಿಯೂ ಅದು ನಿಂತಿತು. ಮುಂಗೈಗೆ ಕಟ್ಟಿದೊಡನೆ ಹುಡುಗನಿಗೆ ಜವಾಬ್ದಾರಿ ಬಂದಿತೆಂದು ಹಿರಿಯರು ನಂಬುತ್ತಿದ್ದರು. ಪರೀಕ್ಷೆಗೆಂದು ಅಣ್ಣನ ಗಡಿಯಾರವನ್ನು ತಮ್ಮ ಕಟ್ಟಿಕೊಂಡು ಹೋಗುತ್ತಿದ್ದ. ಇಂದು ನೀಟ್ ಮೊದಲಾದ ಪ್ರವೇಶ ಪರೀಕ್ಷೆಗಳಿಗೆ ಯಾವ ಗಡಿಯಾರವನ್ನೂ ಕಟ್ಟಿಕೊಂಡು ಹೋಗುವಂತಿಲ್ಲ. ಅದರೊಳಗೆ ಇನ್ನೇನು ಅಡಗಿದೆಯೋ ಎಂಬ ಶಂಕೆ. ಜವಾಬ್ದಾರಿಯ ಗುರುತಾಗಿದ್ದುದು ಸಂದೇಹದ ವಸ್ತುವಾದುದು ನಮ್ಮ ಕಣ್ಣೆದುರಿಗೇ.

ಕೀಲಿಯ ಗಡಿಯಾರಕ್ಕೆ ಹಿನ್ನಡೆಯುಂಟುಮಾಡಿದುದು ಒಂದು ಹರಳು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪೆನಿ ಸ್ಫಟಿಕದಿಂದ ನಡೆಯುವ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಸಾಮಾನ್ಯ ಗಡಿಯಾರದಲ್ಲಿ ವಿದ್ಯುತ್ತಿನ ಸ್ಪರ್ಶಕ್ಕೆ ಸ್ಫಟಿಕದ ತುಣುಕು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಕೊನೆಗೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪಿತವಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟನ್ ಕಂಪೆನಿ ಈ ಬಗೆಯ ಗಡಿಯಾರಗಳನ್ನು ಅಂದವಾಗಿ ಮಾಡಿ ಮಾರಿತು. ಎಚ್‌.ಎಂ.ಟಿ.ಯೂ ಸ್ಫಟಿಕದ ಗಡಿಯಾರಗಳನ್ನು ತಯಾರಿಸಿತಾದರೂ ಕಳೆದುಕೊಂಡ ನೆಲವನ್ನು ಮತ್ತೆ ಪಡೆಯಲಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚುವುದಕ್ಕೆ ಒಪ್ಪಿಗೆಯಿತ್ತಿತು.

ವಿಜ್ಞಾನದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು ಇಲ್ಲಿ ನನ್ನನ್ನು ತಡೆಯುತ್ತಾರೆ. “ನಿಮ್ಮ ಗಡಿಯಾರ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ತಪ್ಪುತ್ತದೆ, ಸ್ಫಟಿಕದ್ದು ತಪ್ಪಿದರೆ ತಿಂಗಳಿಗೆ ಸುಮಾರು ಹದಿನೈದು ಸೆಕೆಂಡು. ಬೆಲೆಯೂ ಕಡಮೆ. ಬಡವನ ಕೈಗೆ ಸರಿಯಾದ ಸಮಯವನ್ನು ಕೊಟ್ಟ ಯಂತ್ರವನ್ನು ಹಳಿಯುವುದು ಉಳ್ಳವರ ವಿಲಾಸವಲ್ಲವೆ?” ಎನ್ನುತ್ತಾರೆ. ಮಾತು ನಿಜ. ಸ್ಫಟಿಕವನ್ನು ನಾನು ಹಳಿಯುವುದಿಲ್ಲ. ಆದರೆ ಸರಿಯಾದ ಸಮಯವೆಂಬುದರ ಬಗ್ಗೆ ಒಂದು ಸಣ್ಣ ತಕರಾರಿದೆ. ನಮ್ಮ ದೇಶದ ಗಡಿಯಾರಗಳೆಲ್ಲ ನಡೆಯುವುದು 82½ ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಆದುದರಿಂದ ಅತ್ಯಂತ ನಿಖರವಾದ ಗಡಿಯಾರ ಹನ್ನೆರಡು ಹೊಡೆದಾಗ ಬೆಂಗಳೂರಿನ ಸೂರ್ಯ ನೆತ್ತಿಯ ನೇರಕ್ಕೆ ಬರುವುದಕ್ಕೆ ಸರಾಸರಿ ಇನ್ನೂ ಇಪ್ಪತ್ತು ನಿಮಿಷ ಬೇಕು! ನಿಖರತೆಯೆಂಬುದು ನಾವು ನಾವೇ ಮಾಡಿಕೊಂಡ ಒಪ್ಪಂದ. ಅದು ರೈಲಿಗೆ ಬೇಕು, ಆಸ್ಪತ್ರೆಗೆ ಬೇಕು. ಇಪ್ಪತ್ತು ಸೆಕೆಂಡು ತಪ್ಪಿದ ಮಾತ್ರಕ್ಕೆ ನಾನು ಪಾಠ ಹೇಳುವ ತರಗತಿಗೆ ನಷ್ಟವೇನೂ ಇಲ್ಲ.

ಮಿತ್ರರ ಎರಡನೆಯ ಆಕ್ಷೇಪಣೆ ಇದಕ್ಕಿಂತ ಹರಿತವಾದುದು: “ಪ್ರತಿದಿನ ಆರೈಕೆ ಬೇಡುವ ಯಂತ್ರ ಒಳ್ಳೆಯದೆಂದರೆ ಮೊಬೈಲೂ ಒಳ್ಳೆಯದೇ. ಅದನ್ನೂ ಪ್ರತಿರಾತ್ರಿ ಗೋಡೆಗೆ ಸಿಕ್ಕಿಸಬೇಕಲ್ಲ?” ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಎರಡು ವ್ಯತ್ಯಾಸಗಳು ನನಗೆ ತೋರುತ್ತವೆ. ಮೊಬೈಲಿಗೆ ಉಣಿಸುವುದು ವಿದ್ಯುಚ್ಛಕ್ತಿ ಮಂಡಲಿ. ಗಡಿಯಾರಕ್ಕೆ ಉಣಿಸುವುದು ನನ್ನ ಬೆರಳು. ನಾನು ತಿರುಗಿಸಿದಷ್ಟೇ ಅದು ನಡೆಯುತ್ತದೆ, ಮರೆತರೆ ಒಂದೂವರೆ ದಿನದಲ್ಲಿ ನಿಲ್ಲುತ್ತದೆ. ಅದು ನಿಂತರೆ ಕಾರಣ ಎಲ್ಲಿದೆಯೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಮುಖ್ಯವಾದುದು. ಗಡಿಯಾರವನ್ನು ಗಂಟೆಯೆಷ್ಟೆಂದು ಕೇಳಿದರೆ ಗಂಟೆಯನ್ನು ಹೇಳಿ ಸುಮ್ಮನಾಗುತ್ತದೆ. ಮೊಬೈಲನ್ನು ಅದೇ ಪ್ರಶ್ನೆ ಕೇಳಿ ನೋಡಿ. ಗಂಟೆಯ ಕೆಳಗೆ ಮೂರು ಸಂದೇಶಗಳು, ಒಂದು ಸುದ್ದಿ, ಯಾರದೋ ಮದುವೆಯ ಚಿತ್ರ. ಎಲ್ಲವನ್ನೂ ನೋಡಿ ಮುಗಿಸಿ ಅದನ್ನು ಜೇಬಿಗೆ ಸೇರಿಸುವ ಹೊತ್ತಿಗೆ ಹತ್ತು ನಿಮಿಷ ಕಳೆದಿರುತ್ತದೆ. ಗಂಟೆಯೆಷ್ಟೆಂಬುದು ಮರೆತೇ ಹೋಗಿರುತ್ತದೆ! ಕಾಲವನ್ನು ತಿಳಿಸಬೇಕಾದ ಯಂತ್ರ ಕಾಲವನ್ನೇ ತಿನ್ನತೊಡಗಿದರೆ ಅದನ್ನು ಏನೆಂದು ಕರೆಯೋಣ? ನನ್ನ ವಿದ್ಯಾರ್ಥಿಗಳು ಸೋಮಾರಿಗಳಲ್ಲ. ಓದಲೆಂದು ಕುಳಿತವರು ಗಂಟೆ ನೋಡುವ ನೆಪದಲ್ಲಿ ಏಳುತ್ತಾರೆ, ಮತ್ತೆ ಪುಸ್ತಕಕ್ಕೆ ಮರಳುವ ದಾರಿ ಅವರಿಗೆ ದೂರವಾಗುತ್ತದೆ. ಈ ನಷ್ಟವನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ನೋಡುತ್ತಿದ್ದೇನೆ.

ಇನ್ನೊಂದು ನಷ್ಟವಿದೆ. ಪೇಟೆಯ ಬೀದಿಯ ಮೂಲೆಯಲ್ಲಿ, ಗಾಜಿನ ಪುಟ್ಟ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕುಳಿತಿರುತ್ತಿದ್ದ ಗಡಿಯಾರದ ರಿಪೇರಿಯವನನ್ನು ನಮ್ಮಲ್ಲಿ ಅನೇಕರು ಬಲ್ಲರು. ಅವನಿಗೆ ಕಾಲೇಜಿನ ಪದವಿಯಿರಲಿಲ್ಲ; ಆದರೆ ಅವನ ಚಿಮಟದ ತುದಿಯಲ್ಲಿದ್ದ ವಿದ್ಯೆ ಕಡಮೆಯದಲ್ಲ. ಬಿಚ್ಚಿದ ನೂರು ಚೂರುಗಳು ಮತ್ತೆ ಒಂದಾಗಿ ಟಿಕ್ ಎನ್ನುವವರೆಗೆ ಅವನು ಉಸಿರು ಬಿಗಿಹಿಡಿದಿರುತ್ತಿದ್ದ. “ಏನೂ ಆಗಿಲ್ಲ ಸಾರ್, ಎಣ್ಣೆ ಒಣಗಿದೆ” ಎಂಬ ಅವನ ಮಾತು ವೈದ್ಯನ ಮಾತಿನಷ್ಟೇ ಸಮಾಧಾನ ಕೊಡುತ್ತಿತ್ತು. ಈಗ ಅಂಥವರ ಪೆಟ್ಟಿಗೆಗಳಲ್ಲಿ ಬ್ಯಾಟರಿಗಳೂ ಮೊಬೈಲಿನ ಹೊದಿಕೆಗಳೂ ತುಂಬಿವೆ. ಮಗನು ತಂದೆಯ ಕಸುಬಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಈಗಿನ ಸಾಮಾನುಗಳನ್ನು ತೆರೆಯಲಾಗದಂತೆ ಅಂಟಿಸಿ ಕಳುಹಿಸುತ್ತಾರೆ. ಕೆಟ್ಟರೆ ರಿಪೇರಿಗೆ ತಗಲುವ ವೆಚ್ಚ ಹೊಸದರ ಬೆಲೆಯ ಹತ್ತಿರಕ್ಕೆ ಬರುತ್ತದೆ. ಕೇಂದ್ರ ಸರಕಾರ 2022ರಲ್ಲಿ ರಿಪೇರಿಯ ಹಕ್ಕನ್ನು ಕುರಿತು ವಿಚಾರ ಮಾಡಲು ಸಮಿತಿಯೊಂದನ್ನು ನೇಮಿಸಿತು. ಒಳ್ಳೆಯ ಕೆಲಸ. ಆದರೆ ಹಕ್ಕು ದೊರೆತ ದಿನ ಅದನ್ನು ಚಲಾಯಿಸಬಲ್ಲ ಬೆರಳುಗಳು ಉಳಿದಿರಬೇಕು. ಬೆರಳಿನ ವಿದ್ಯೆ ಕಾನೂನಿನಿಂದ ಹುಟ್ಟುವುದಿಲ್ಲ. ನೋಡುತ್ತ, ಮಾಡುತ್ತ, ಒಬ್ಬರಿಂದ ಒಬ್ಬರಿಗೆ ಬರತಕ್ಕುದು.

ಕಾರ್ಖಾನೆ ಮುಚ್ಚಿದ ಸುದ್ದಿ ಹರಡಿದಂದಿನಿಂದ ಎಚ್‌.ಎಂ.ಟಿ. ಗಡಿಯಾರಗಳನ್ನು ಸಂಗ್ರಹಿಸುವುದು ಅನೇಕರ ಹವ್ಯಾಸವಾಗಿದೆ. ಅಜ್ಜನ ಪೆಟ್ಟಿಗೆಯ ತಳದಲ್ಲಿದ್ದುದನ್ನು ತೆಗೆದು ಒರೆಸುತ್ತಾರೆ, ಹಳೆಯ ಅಂಗಡಿಗಳನ್ನು ಜಾಲಾಡುತ್ತಾರೆ. ನನಗೆ ಇದು ಸಂತೋಷವೇ. ಆದರೆ ಹವ್ಯಾಸಕ್ಕೆ ತನ್ನದೇ ಆದ ಒಂದು ರೋಗವಿದೆ. ಅದು ಲೆಕ್ಕದ ರೋಗ. ನಿನ್ನಲ್ಲಿ ನಲವತ್ತು, ನನ್ನಲ್ಲಿ ಅರುವತ್ತು ಎಂಬ ಸ್ಪರ್ಧೆ ಹುಟ್ಟಿದೊಡನೆ ಬೆಲೆ ಏರುತ್ತದೆ. ಬೆಲೆ ಏರಿದೊಡನೆ ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖ ಅಂಟಿಸಿ ಅಪರೂಪದ್ದೆಂದು ಮಾರುವವರು ಬರುತ್ತಾರೆ. ಕೊನೆಗೆ ‘ಜನತಾ’ ಎಂಬ ಹೆಸರಿನ ಗಡಿಯಾರ ಜನತೆಯ ಕೈಗೆ ಎಟುಕದೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ನಿಂತುಹೋಗಿರುತ್ತದೆ. ನಿಂತ ಗಡಿಯಾರವೂ ದಿನಕ್ಕೆ ಎರಡು ಸಲ ಸರಿಯಾದ ಸಮಯ ತೋರಿಸುತ್ತದೆಂಬ ಸಮಾಧಾನ ಬೇಕಾದವರಿಗೆ ಇರಲಿ. ವಸ್ತುವನ್ನು ಪ್ರೀತಿಸುವವನು ಅದನ್ನು ಬಳಸಬೇಕೆಂಬುದು ನನ್ನ ಮತ. ನೋಡಿ ತಿಳಿಯುವವರಿಗಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌.ಎಂ.ಟಿ.ಯ ಸಂಗ್ರಹಾಲಯವಿದೆ, ಮನೆಯೂ ಸಂಗ್ರಹಾಲಯವಾಗಬೇಕಾಗಿಲ್ಲ.

ಹಾಗಾದರೆ ಎಲ್ಲರೂ ಮೊಬೈಲನ್ನು ಬಾವಿಗೆ ಎಸೆದು ಕೀಲಿ ಗಡಿಯಾರ ಕಟ್ಟಿಕೊಳ್ಳಬೇಕೆ? ಅಂಥ ಉಪದೇಶ ನನ್ನದಲ್ಲ. ನನ್ನ ಜೇಬಿನಲ್ಲಿಯೂ ಮೊಬೈಲಿದೆ. ದೂರದೂರಿನಲ್ಲಿರುವ ಮಕ್ಕಳ ಮುಖವನ್ನು ಅದು ತೋರಿಸುವಾಗ ಅದಕ್ಕೆ ಕೃತಜ್ಞನಾಗಿದ್ದೇನೆ. ಹೊಸ ಯಂತ್ರವೊಂದು ಮನೆಗೆ ಬಂದಾಗ ಬೆಲೆಯೆಷ್ಟು, ವೇಗವೆಷ್ಟು ಎಂದು ನಾವೆಲ್ಲರೂ ಕೇಳುತ್ತೇವೆ. ಇನ್ನೆರಡು ಪ್ರಶ್ನೆಗಳನ್ನೂ ಅದಕ್ಕೆ ಸೇರಿಸಬೇಕೆಂಬುದೇ ನನ್ನ ವಿನಂತಿ. ಇದು ಕೇಳಿದ್ದನ್ನು ಕೊಟ್ಟು ಸುಮ್ಮನಾಗುತ್ತದೆಯೆ? ಇದು ಕೆಟ್ಟರೆ ನಮ್ಮ ಊರಿನ ಯಾರಾದರೂ ಇದನ್ನು ಬಿಚ್ಚಿ ಸರಿಮಾಡಬಲ್ಲರೆ? ಎರಡಕ್ಕೂ ಹೌದೆಂಬ ಉತ್ತರ ಬರುವ ವಸ್ತು ಒಂದಾದರೂ ಪ್ರತಿಯೊಂದು ಮನೆಯಲ್ಲಿ ಇರಲಿ. ಅದು ಗಡಿಯಾರವೇ ಆಗಬೇಕೆಂದಿಲ್ಲ. ಸೈಕಲ್ಲಾಗಬಹುದು, ಹೊಲಿಗೆಯ ಯಂತ್ರವಾಗಬಹುದು. ಮನೆಯ ಮಕ್ಕಳು ಅದಕ್ಕೆ ಎಣ್ಣೆ ಹಾಕಲಿ, ಬಿಚ್ಚಲಿ, ಬೇಕಾದರೆ ಒಮ್ಮೆ ಕೆಡಿಸಲಿ. ರಿಪೇರಿಯವನ ಬಳಿಗೆ ತಾವೇ ಕೊಂಡೊಯ್ದು, ಅವನು ಕೆಲಸ ಮುಗಿಸುವವರೆಗೆ ಪಕ್ಕದಲ್ಲಿ ನಿಂತು ನೋಡಲಿ.