ಜರ್ನಲ್‌ನಲ್ಲಿ ನಾನು ಬಿಟ್ಟಿದ್ದ ಸಾಲು

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ನಮಗೊಂದು ಹೊಸ ಕೆಲಸ ಬಿತ್ತು. ವಾರ್ಡಿನಲ್ಲಿ ನಡೆದ ಒಂದು ಘಟನೆ ಬಗ್ಗೆ ವಾರಕ್ಕೆ ಎರಡು ಪುಟ ಬರೀಬೇಕು. ಹೆಸರು ರಿಫ್ಲೆಕ್ಟಿವ್ ಜರ್ನಲ್. ಕೇರ್ ಪ್ಲಾನ್, ಕೇಸ್ ಸ್ಟಡಿ ಬರೆದು ಬರೆದು ಬೆರಳು ಸವೆದಿದ್ದ ನಮಗೆ ಇದೂ ಇನ್ನೊಂದು ರೆಕಾರ್ಡ್ ಅಷ್ಟೇ. ಸೀನಿಯರ್ ಅಕ್ಕಂದಿರ ಹಳೇ ಪುಸ್ತಕ ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡ್ತಿತ್ತು. ‘ಈ ಘಟನೆಯಿಂದ ತಾಳ್ಮೆಯ ಮಹತ್ವ ಅರಿತೆ’ ಅನ್ನೋ ಸಾಲು ಎಲ್ಲರ ಪುಸ್ತಕದಲ್ಲೂ ಇತ್ತು. ನನ್ನದರಲ್ಲೂ.

ಆ ವಾರ ಸರ್ಜಿಕಲ್ ವಾರ್ಡ್. ಒಬ್ಬ ಅಜ್ಜಿಗೆ ಬೆಳಗ್ಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಅಂತ ಹಿಂದಿನ ರಾತ್ರಿ ಹತ್ತರಿಂದಲೇ ಎನ್‌ಪಿಒ, ಅಂದ್ರೆ ಬಾಯಿಗೆ ಏನೂ ಕೊಡೋ ಹಾಗಿಲ್ಲ. ನಡುವೆ ಎಮರ್ಜೆನ್ಸಿ ಕೇಸ್ ಬಂತು, ಅಜ್ಜಿಯ ಸರದಿ ಮುಂದಕ್ಕೆ ಹೋಯ್ತು. “ಮಗಾ, ಒಂದ್ ಗುಟುಕು ನೀರು ಕೊಡವ್ವಾ” ಅಂತ ಮೂರು ಸಲ ಕೇಳಿದರು. ಮೂರು ಸಲವೂ “ಕೊಡೋ ಹಾಗಿಲ್ಲ ಅಜ್ಜಿ” ಅಂದೆ. ಸಂಜೆ ಐದಕ್ಕೆ ಆಪರೇಷನ್ ನಾಳೆಗೆ ಅಂತ ಗೊತ್ತಾಯ್ತು.

‘ಎನ್‌ಪಿಒ ಯಾಕೆ ಬೇಕು ಅಂತ ವಿವರಿಸಿ ರೋಗಿಗೆ ಧೈರ್ಯ ತುಂಬಿದೆ’ ಅಂತ ಬರೆದೆ. ಮೇಡಂ ಓದಿ ಪುಸ್ತಕ ವಾಪಸ್ ಕೊಟ್ಟರು. “ಎಲ್ಲಾ ಸರಿ ಇದೆ ಕಣಮ್ಮ. ಇದರಲ್ಲಿ ನೀನೆಲ್ಲಿದ್ದೀಯ?”

ನಾವು ಬರೀತಿದ್ದದ್ದು ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಪ್ರಕಾರ. ಏನು ನಡೀತು, ಏನನ್ನಿಸ್ತು, ಯಾವುದು ಸರಿ ಯಾವುದು ತಪ್ಪು, ಯಾಕೆ ಹಾಗಾಯ್ತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡ್ತೀನಿ. ನಾನು ಐದನ್ನೂ ತುಂಬಿಸಿ ಎರಡನೆಯದನ್ನ ಹಾರಿಸಿದ್ದೆ. ಅಲ್ಲಿ ಬರೀಬೇಕಿದ್ದದ್ದು ಹೆದರಿಕೆ ಅಂತ. ಕೇಸ್ ಮುಂದಕ್ಕೆ ಹೋಗಿದ್ದು ಹನ್ನೊಂದಕ್ಕೇ ನನಗೆ ಗೊತ್ತಿತ್ತು. ಬೇರೆ ತೊಂದರೆ ಇಲ್ಲದವರಿಗೆ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಬರೀ ನೀರು ಕೊಡಬಹುದು ಅಂತ ಓದಿಯೂ ಇದ್ದೆ. ಆದ್ರೆ ಹಿಂದಿನ ದಿನವಷ್ಟೇ ಏನೋ ಪ್ರಶ್ನೆ ಕೇಳಿ ಡಾಕ್ಟರ್ ಹತ್ರ ಎಲ್ಲರೆದುರು ಬೈಸಿಕೊಂಡಿದ್ದೆ. ಮತ್ತೆ ಹೋಗಿ ಕೇಳೋಕೆ ಬಾಯಿ ಬರಲಿಲ್ಲ.

ಅದನ್ನೇ ಬರೆದುಕೊಟ್ಟೆ. ಮೇಡಂ ಮಾರ್ಕ್ಸ್ ಹಾಕಲಿಲ್ಲ. ಅಂಚಿನಲ್ಲಿ ‘ಡಾಕ್ಟರ್ ಬಿಟ್ಟು ಇನ್ಯಾರನ್ನ ಕೇಳಬಹುದಿತ್ತು?’ ಅಂತ ಬರೆದರು. ಇನ್‌ಚಾರ್ಜ್ ಸಿಸ್ಟರ್ ಹತ್ತು ಹೆಜ್ಜೆ ದೂರದಲ್ಲೇ ಇದ್ದರು, ನನಗೆ ಹೊಳೆದೇ ಇರಲಿಲ್ಲ! ಎಲ್ಲ ಕಡೆ ಇಂಥ ಮೇಡಂ ಸಿಗಲ್ಲ ಬಿಡಿ. ತಪ್ಪು ಒಪ್ಪಿಕೊಂಡ ಪುಟಕ್ಕೆ ಹತ್ತಕ್ಕೆ ನಾಲ್ಕು ಬಿದ್ದರೆ ಮುಂದಿನ ವಾರ ಯಾರು ತಾನೆ ನಿಜ ಬರೀತಾರೆ?

ನನ್ನ ಬ್ಯಾಚ್‌ಮೇಟ್ ಒಬ್ಬಳು ಈಗ ಇಂಗ್ಲೆಂಡಿನಲ್ಲಿದ್ದಾಳೆ. 2016ರಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸೋಕೆ ಇಂಥ ಐದು ಬರಹ ಬೇಕು, ಅದರ ಬಗ್ಗೆ ಇನ್ನೊಬ್ಬ ನರ್ಸ್ ಜೊತೆ ಕೂತು ಮಾತೂ ಆಡಬೇಕು. ರೋಗಿಯ ಗುರುತು ಸಿಗುವಂಥದ್ದು ಒಂದಕ್ಷರ ಇರಬಾರದು. “ತಾಳ್ಮೆಯ ಮಹತ್ವ ಹಾಕಿದ್ಯಾ?” ಅಂದೆ. ಜೋರಾಗಿ ನಕ್ಕಳು.

ನಾನೀಗ ಸ್ಟಾಫ್ ನರ್ಸ್. ಓಟಿ ಲಿಸ್ಟ್ ಬದಲಾದ ಕೂಡಲೇ ಫೋನ್ ಮಾಡ್ತೀನಿ: “ಸರ್, ಎಂಟನೇ ಬೆಡ್ ಮಧ್ಯಾಹ್ನಕ್ಕೆ ಹೋಗಿದೆ. ಈಗ ಸ್ವಲ್ಪ ನೀರು ಕೊಡಬಹುದಾ?” ಕೆಲವರು ಬೇಡ ಅಂತಾರೆ. ಆಗ ಎಷ್ಟು ಗಂಟೆಗೆ ಕೊಡಲಿ ಅಂತ ಕೇಳಿಕೊಂಡು, ಬೆಡ್ ಹತ್ರ ಹೋಗಿ ಅದನ್ನ ಹೇಳ್ತೀನಿ.