ದಿನಗಣನೆ, ಸಂಯಮ ಮತ್ತು ಪ್ರಮಾದ

ಸಂತಾನ ನಿಯಂತ್ರಣದ ಕೃತಕ ಸಾಧನಗಳೆಲ್ಲವೂ ಶ್ರಾವಕಧರ್ಮಕ್ಕೆ ಒಗ್ಗದವು, ತಿಂಗಳ ‘ಸುರಕ್ಷಿತ ದಿನ’ಗಳನ್ನು ಎಣಿಸಿಕೊಂಡು ಸಂಯಮದಿಂದಿರುವುದೊಂದೇ ಅಹಿಂಸಾಮಾರ್ಗ ಎಂಬ ಉಪದೇಶವನ್ನು ನಮ್ಮ ಹಿರಿಯರು ನವವಿವಾಹಿತರಿಗೆ ಧಾರಾಳವಾಗಿ ನೀಡುತ್ತಾರೆ. ಆ ದಿನಗಳು ಯಾವುವೆಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಮುಟ್ಟಿನ ಸ್ನಾನವಾದ ನಂತರದ ವಾರವೆಂದು ಕೆಲವರು. ಅಷ್ಟಮಿ ಚತುರ್ದಶಿಗಳನ್ನು ಪಾಲಿಸಿದರೆ ಸಾಕೆಂದು ಇನ್ನು ಕೆಲವರು. ಪರ್ವತಿಥಿಗಳ ಬ್ರಹ್ಮಚರ್ಯವು ಪಾಲನೀಯವೇ ಸರಿ. ಆದರೆ ಅದು ಚಂದ್ರನ ಲೆಕ್ಕ. ಸ್ತ್ರೀಯ ಅಂಡಾಶಯವು ಪಂಚಾಂಗವನ್ನು ನೋಡಿ ನಡೆಯುವುದಿಲ್ಲ.

ಅರಿವಿಲ್ಲದ ಈ ಎಣಿಕೆಯನ್ನು ಅಹಿಂಸೆಯೆಂದು ಕರೆಯುವುದನ್ನೇ ನಾನು ವಿರೋಧಿಸುತ್ತೇನೆ. ಎಣಿಕೆ ತಪ್ಪಿದಾಗ ಗರ್ಭ ನಿಲ್ಲುತ್ತದೆ. ಬೇಡವೆಂದಾದಾಗ ಔಷಧದಂಗಡಿಯ ಮಾತ್ರೆ ಮನೆಗೆ ಬರುತ್ತದೆ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವೆಂದೂ, ಅವುಗಳಲ್ಲಿ ಮುಕ್ಕಾಲು ಪಾಲಿಗೆ ಸಮೀಪದಷ್ಟು ಆಸ್ಪತ್ರೆಗಳ ಹೊರಗೆ ಮಾತ್ರೆಗಳಿಂದ ನಡೆದವೆಂದೂ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ನಮ್ಮ ಮನೆಗಳು ಆ ಲೆಕ್ಕದ ಹೊರಗಿವೆಯೆಂದು ಭಾವಿಸುವುದು ಆತ್ಮವಂಚನೆ. ಬಚ್ಚಲುಮನೆಯಲ್ಲಿ ಒಬ್ಬಂಟಿಯಾಗಿ ರಕ್ತಸ್ರಾವವನ್ನು ಅನುಭವಿಸುವ ಆ ಸೊಸೆಯನ್ನು ಪಾಪಿಯೆನ್ನಲು ನಾಲಗೆಗಳು ಸಿದ್ಧವಾಗಿರುತ್ತವೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುವ ಧರ್ಮ ನಮ್ಮದು. ಸುಳ್ಳು ಲೆಕ್ಕವನ್ನು ಕೈಗಿತ್ತವರ ಪಾಲು ಯಾವ ಖಾತೆಗೆ ಸೇರಬೇಕು?

ಶರೀರದ ನಿಜಸ್ಥಿತಿ ಹೀಗಿದೆ. ಅಂಡವು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅರ್ಥಾತ್, ಮುಂದಿನ ಮುಟ್ಟು ಬಂದ ಮೇಲಷ್ಟೇ ಹಿಂದಿನ ಆ ದಿನವನ್ನು ಊಹಿಸಲು ಸಾಧ್ಯ! ಅಂಡದ ಆಯುಷ್ಯ ಒಂದು ದಿನವನ್ನು ಮೀರದು. ಆದರೆ ವೀರ್ಯಾಣುವು ಸ್ತ್ರೀಶರೀರದಲ್ಲಿ ಐದು ದಿನಗಳವರೆಗೂ ಬದುಕಬಲ್ಲದು. 22 ದಿನಗಳ ಋತುಚಕ್ರವುಳ್ಳವಳಲ್ಲಿ ಎಂಟನೆಯ ದಿನದ ಸುಮಾರಿಗೇ ಅಂಡ ಹೊರಬರುವುದರಿಂದ, ನಾಲ್ಕನೆಯ ದಿನದ ಸ್ನಾನದ ಮರುದಿನವೂ ಸುರಕ್ಷಿತವಲ್ಲ. ಇಪ್ಪತ್ತೆಂಟು ದಿನಗಳ ಚಕ್ರವೇ ಎಲ್ಲರದೆಂಬುದೂ ಭ್ರಮೆ. 2019ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ನಿಖರವಾಗಿ 28 ದಿನಗಳಿದ್ದವು ಶೇಕಡ 13 ಮಾತ್ರ. ಇಂದು ಮೊಬೈಲ್ ಫೋನು ದಿನಗಳನ್ನು ಬಣ್ಣಹಚ್ಚಿ ತೋರಿಸುತ್ತದೆ. ಹಿಂದಿನ ತಿಂಗಳುಗಳ ದಿನಾಂಕಗಳನ್ನಷ್ಟೇ ಆಧರಿಸಿದರೆ ಅದೂ ಊಹೆಯೇ. ಬಾಣಂತನದ ನಂತರವಂತೂ ಎಣಿಕೆಗೆ ಆಧಾರವೇ ಇಲ್ಲ. ಮೊದಲ ಮುಟ್ಟು ಮರಳುವ ಮುನ್ನವೇ ಅಂಡ ಹೊರಬರಬಹುದು.

ಋತುಚಕ್ರದ ಈ ಲೆಕ್ಕವನ್ನು 1924ರಲ್ಲಿ ಪ್ರಕಟಿಸಿದವರು ಜಪಾನಿನ ಸ್ತ್ರೀರೋಗತಜ್ಞ ಕ್ಯೂಸಾಕು ಒಗಿನೊ. ಅದನ್ನು ಗರ್ಭನಿರೋಧಕ್ಕೆ ಬಳಸುವುದನ್ನು ವಿರೋಧಿಸಿದವರೂ ಅವರೇ ಎಂಬುದು ನಮ್ಮ ಉಪದೇಶಕರು ಗಮನಿಸಬೇಕಾದ ಸಂಗತಿ. ಈ ವಿಧಾನ ಮೇಲಿಂದ ಮೇಲೆ ವಿಫಲವಾಗಿ ಬೇಡದ ಗರ್ಭಗಳೂ ಗರ್ಭಪಾತಗಳೂ ಹೆಚ್ಚಾದಾವೆಂಬುದೇ ಅವರ ಆಕ್ಷೇಪವಾಗಿತ್ತು.

ನಮ್ಮ ನಾಡೂ ಇದನ್ನು ಪರೀಕ್ಷಿಸಿ ನೋಡಿದೆ. 1930ರಲ್ಲಿಯೇ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತದ್ದು ಮೈಸೂರು ಸಂಸ್ಥಾನ. 1950ರ ದಶಕದ ಆರಂಭದಲ್ಲಿ, ಗಾಂಧೀವಾದಿಯಾದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಒಲವಿಗೆ ಅನುಗುಣವಾಗಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದಿನಗಣನೆಯ ಪ್ರಯೋಗವು ದೆಹಲಿಯ ಲೋಧಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ನಡೆಯಿತು. ಆ ಕಾಲದಲ್ಲಿ ಸ್ತ್ರೀಯರಿಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟು ದಿನಕ್ಕೊಂದು ಮಣಿ ಸರಿಸುವಂತೆ ಹೇಳಲಾಯಿತು. ರಾತ್ರಿಯ ಕತ್ತಲಲ್ಲಿ ಬಣ್ಣ ತಿಳಿಯದು. ಸರವಿದ್ದರೆ ಸಾಕು, ಅದೇ ಕಾಪಾಡುತ್ತದೆಂದು ನಂಬಿದವರೂ ಇದ್ದರು. ನಗುವ ಮಾತಲ್ಲ. ಕಾರಣವನ್ನು ತಿಳಿಸದೆ ವಿಧಿಯನ್ನಷ್ಟೇ ಹೇಳಿದರೆ ಆಗುವುದು ಹೀಗೆಯೇ.

ಸಂಯಮದ ಮಾರ್ಗವೇ ಬೇಕೆನ್ನುವ ದಂಪತಿಗಳನ್ನು ತಡೆಯಲು ನಾನು ಹೊರಟಿಲ್ಲ. ಅದನ್ನು ಕಲಿತು ನಡೆಸಲಿ ಎಂಬುದೇ ನನ್ನ ಆಗ್ರಹ. ಕನಿಷ್ಠ ಆರು ತಿಂಗಳ ಚಕ್ರಗಳನ್ನು ಬರೆದಿಡಬೇಕು; ಅತಿ ಕಿರಿದಾದುದರಿಂದ 18ನ್ನೂ ಅತಿ ದೀರ್ಘವಾದುದರಿಂದ 11ನ್ನೂ ಕಳೆಯಬೇಕು. ಚಕ್ರಗಳು 26ರಿಂದ 31 ದಿನಗಳವರೆಗೆ ಏರಿಳಿದರೆ, 8ನೆಯ ದಿನದಿಂದ 20ನೆಯ ದಿನದವರೆಗೆ, ಅಂದರೆ ಹದಿಮೂರು ದಿನ, ಬ್ರಹ್ಮಚರ್ಯ. ಯೋನಿಸ್ರಾವವು ತಿಳಿಯಾಗಿ, ಜಾರುವಂತೆ, ನೂಲಿನಂತೆ ಎಳೆಯಬರುವ ದಿನಗಳನ್ನೂ ಗುರುತಿಸಲು ಕಲಿಯಬೇಕು. 26ರಿಂದ 32 ದಿನಗಳ ಚಕ್ರವುಳ್ಳವರಿಗಾಗಿ 8ರಿಂದ 19ನೆಯ ದಿನದವರೆಗೆ ಎಂದು ನಿಗದಿಪಡಿಸಿದ ವಿಧಾನದಲ್ಲಿಯೂ, ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಐವರು, ಸಾಮಾನ್ಯ ಬಳಕೆಯಲ್ಲಿ ಹನ್ನೆರಡು ಮಂದಿ ಗರ್ಭಿಣಿಯರಾಗುತ್ತಾರೆ. ಇಷ್ಟು ಶ್ರಮವೂ ಅಪಾಯವೂ ಆಗದೆನ್ನುವವರಿಗೆ ನಿರೋಧ್ ಇದೆ, ಮಕ್ಕಳು ಸಾಕೆನಿಸಿದ ಮೇಲೆ ಪುರುಷರ ಶಸ್ತ್ರಚಿಕಿತ್ಸೆಯಿದೆ. ಇವು ಗರ್ಭಧಾರಣೆಯನ್ನೇ ತಡೆಯುತ್ತವೆ. ನಿಂತ ಗರ್ಭವನ್ನು ಕೆಡಿಸುವುದಿಲ್ಲ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ವಿವೇಕ?

ಪ್ರಾಣಹರಣವಷ್ಟೇ ಹಿಂಸೆಯಲ್ಲ, ಅದಕ್ಕೆ ಮೂಲವಾದ ಪ್ರಮಾದವನ್ನು ಗುರುತಿಸಬೇಕೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಕಣ್ಣಿಗೆ ಕಾಣದ ಜೀವಿಗಳಿಗಾಗಿ ನೀರನ್ನು ಸೋಸಿ ಕುಡಿಯುವ ನಾವು, ಪಂಚೇಂದ್ರಿಯ ಜೀವದ ವಿಷಯದಲ್ಲಿ ಊಹೆಯನ್ನು ನೆಚ್ಚಿ ನಡೆಯುತ್ತಿದ್ದೇವೆ. ತಿಳಿಯಬಹುದಾದುದನ್ನು ತಿಳಿಯದಿರುವುದು ಪ್ರಮಾದವಲ್ಲದೆ ಮತ್ತೇನು?

ಇಂತಹ ವಿಷಯವನ್ನು ಧಾರ್ಮಿಕ ಪತ್ರಿಕೆಯಲ್ಲಿ ಎತ್ತುವುದೇ ಅನುಚಿತವೆಂದು ಕೆಲವರು ಮುನಿಯುವರು. ಅಂತಹವರು ಜಿನಸೇನಾಚಾರ್ಯರ ಆದಿಪುರಾಣವನ್ನು ತೆರೆದು ನೋಡಲಿ. ಐವತ್ತಮೂರು ಗರ್ಭಾನ್ವಯ ಕ್ರಿಯೆಗಳಲ್ಲಿ ಮೊದಲನೆಯದಾದ ಆಧಾನವು ಋತುಮತಿಯ ಚತುರ್ಥಸ್ನಾನದಿಂದಲೇ ಆರಂಭವಾಗುತ್ತದೆ. ಋತುಕಾಲವನ್ನು ಹೆಸರಿಸಲು ಆಚಾರ್ಯರಿಗಿಲ್ಲದ ಸಂಕೋಚ ನಮಗೇಕೆ? ಮುಟ್ಟಾದ ಮಗಳಿಗೆ ಏನನ್ನು ಮುಟ್ಟಬಾರದೆಂದು ಹತ್ತು ಬಾರಿ ಹೇಳುವ ಮನೆಗಳಲ್ಲಿ, ಅವಳ ಒಡಲೊಳಗೆ ನಡೆಯುತ್ತಿರುವುದೇನೆಂದು ಒಮ್ಮೆಯೂ ಹೇಳುವವರಿಲ್ಲ. ಮಗನಿಗಂತೂ ಅಷ್ಟೂ ಇಲ್ಲ. ಸ್ವದಾರಸಂತೋಷವ್ರತ ಅವನದು, ಭಾರ ಮಾತ್ರ ಅವಳದು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ತ್ರೀಯರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಆಶ್ರಯಿಸಿದ ದಂಪತಿಗಳು ಶೇಕಡ 37.9, ಪುರುಷರದನ್ನು ಆಶ್ರಯಿಸಿದವರು ಶೇಕಡ 0.3.

ಬಸದಿಯ ಕಲ್ಯಾಣಮಂಟಪವನ್ನು ಕೊಡುವಾಗ ರಾತ್ರಿಭೋಜನ ಕೂಡದು, ಕಂದಮೂಲ ಕೂಡದೆಂದು ಬರೆಯಿಸಿಕೊಳ್ಳುವ ಟ್ರಸ್ಟುಗಳಿವೆ. ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಲಿ: ವಿವಾಹಕ್ಕೆ ಮುನ್ನ ವಧೂವರರಿಬ್ಬರೂ ಒಟ್ಟಿಗೆ ಕುಳಿತು ವೈದ್ಯೆಯೊಬ್ಬರಿಂದ ಒಂದು ಗಂಟೆ ಈ ವಿಷಯವನ್ನು ತಿಳಿಯತಕ್ಕದ್ದು. ವೈದ್ಯೆಯ ಗೌರವಧನವನ್ನು ಟ್ರಸ್ಟೇ ಭರಿಸಲಿ. ಮಂಟಪದ ಹೂವಿನ ಅಲಂಕಾರಕ್ಕೆ ತಗಲುವ ವೆಚ್ಚದ ಮುಂದೆ ಅದು ತೀರ ಅಲ್ಪ.