ಹೆರಿಗೆ ವಾರ್ಡಿಗೆ ಮೊದಲು ಹಾಜರಿ ಪುಸ್ತಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಹದಿಹರೆಯದ ಬಸುರಿಯರ ಮಾತು ಬಂದಾಗಲೆಲ್ಲ ಕೆಲವು ಉತ್ತರಗಳು ಸಿದ್ಧವಾಗಿರುತ್ತವೆ. ಬಸ್ ಸ್ಟ್ಯಾಂಡ್ ಹೋಟೆಲಿನಲ್ಲೂ ಅವೇ, ಸಭೆಯ ವೇದಿಕೆಯಲ್ಲೂ ಅವೇ. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

‘ಹೈಸ್ಕೂಲಿಗೆ ಕಳಿಸಿ ಕೈಗೆ ಮೊಬೈಲ್ ಕೊಟ್ಟರೆ ಇನ್ನೇನಾಗುತ್ತೆ?’

ಎಲ್ಲಕ್ಕಿಂತ ಜೋರಾಗಿ ಕೇಳುವ ಮಾತು ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು ಇದರ ತದ್ವಿರುದ್ಧ. ದೇಶದಲ್ಲಿ ಶಾಲೆಯ ಮೆಟ್ಟಿಲೇ ಹತ್ತದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 18ರಷ್ಟು ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ಹನ್ನೆರಡು ವರ್ಷ ಇಲ್ಲವೇ ಅದಕ್ಕೂ ಹೆಚ್ಚು ಓದಿದವರಲ್ಲಿ ಇದು ಶೇ 4. ಈ ಬಸಿರುಗಳಲ್ಲಿ ಬಹುಪಾಲು ತಾಳಿ ಕಟ್ಟಿಸಿಕೊಂಡವರದೇ. ಮೊಬೈಲಿಗೆ ಹೆದರಿ ಶಾಲೆ ಬಿಡಿಸುತ್ತೀರಿ, ಶಾಲೆ ಬಿಟ್ಟವಳನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರಿ ಮದುವೆ ಮಾಡುತ್ತೀರಿ. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ, ಹುಡುಗಿ ಅಜ್ಜಿಯ ಜೊತೆ ಉಳಿದ ಮನೆಯಲ್ಲಿ ಆ ದಿಗಿಲು ಇನ್ನೂ ಹೆಚ್ಚು. ಕಡಲೆಕಾಯಿ ಕೈಕೊಟ್ಟ ವರ್ಷ ಸೋದರಮಾವನೋ ಅತ್ತೆ ಮಗನೋ ‘ಹೂಂ’ ಅಂದರೆ ಮುಗಿಯಿತು. ಆ ದಿಗಿಲನ್ನು ನಾನು ಅಣಕಿಸಲಾರೆ. ಅದನ್ನು ಮೊಬೈಲಿನ ತಲೆಗೆ ಕಟ್ಟುವುದನ್ನು ಮಾತ್ರ ಒಪ್ಪಲಾರೆ.

‘ಪ್ರಮಾಣ ಇಳೀತಾ ಇದೆಯಲ್ಲ, ಸುಮ್ಮನೆ ಯಾಕೆ ಗಲಾಟೆ?’

ಇಳಿದಿದೆ, ಸರಿ. ರಾಜ್ಯದಲ್ಲಿ 15ರಿಂದ 19 ವಯಸ್ಸಿನ ತಾಯಂದಿರು, ಬಸುರಿಯರ ಪ್ರಮಾಣ 2015–16ರಲ್ಲಿ ಶೇ 7.8 ಇದ್ದದ್ದು 2019–21ಕ್ಕೆ ಶೇ 5.4 ಆಯಿತು. ಸಮೀಕ್ಷೆಯ ಅದೇ ಪುಟದ ಇನ್ನೊಂದು ಸಾಲನ್ನೂ ಓದಿ: 20ರಿಂದ 24 ವಯಸ್ಸಿನವರ ಪೈಕಿ ಹದಿನೆಂಟರೊಳಗೆ ಮದುವೆಯಾದವರು ಶೇ 21.4ರಿಂದ ಶೇ 21.3ಕ್ಕೆ ಬಂದಿದ್ದಾರೆ. ಇದನ್ನು ಇಳಿಕೆ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

‘ನಮ್ಮಜ್ಜಿ ಹದಿನಾಲ್ಕಕ್ಕೇ ಹೆತ್ತಳು, ಏನಾಯ್ತು?’

ಹೆರಿಗೆಯಲ್ಲಿ ಉಳಿದವರಷ್ಟೇ ಅಜ್ಜಿಯರಾದರು, ಸ್ವಾಮಿ. ಉಳಿಯದವರ ಮೊಮ್ಮಕ್ಕಳು ಹೋಟೆಲಿಗೆ ಬಂದು ವಾದ ಮಾಡುವುದಿಲ್ಲ. 2019–21ರ ಸಮೀಕ್ಷೆಯಲ್ಲೂ ರಾಜ್ಯದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಬಸಿರಿನ ನಂಜು, ದಿನ ತುಂಬದ ಹೆರಿಗೆ, ತೂಕವಿಲ್ಲದ ಕೂಸು, ಇವೆಲ್ಲ ಎಳೆಯ ತಾಯಂದಿರಿಗೇ ಹೆಚ್ಚು.

‘ಪೋಕ್ಸೊ ಹಾಕೋಕೆ ಶುರು ಮಾಡಿದ ಮೇಲೆ ಹುಡುಗೀರು ಆಸ್ಪತ್ರೆಗೆ ಬರೋದನ್ನೇ ಬಿಟ್ರು.’

ಇದು ತೂಕದ ಮಾತು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಆ ಕಾಯ್ದೆಯಲ್ಲಿ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ವೈದ್ಯರಿಗೂ ಶಿಕ್ಷೆಯಿದೆ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಹದಿನೆಂಟು ತುಂಬದ ಹೆಂಡತಿಯ ಸಂಗ ಮಾಡಿದರೆ ಗಂಡನಾದರೂ ಅದು ಅತ್ಯಾಚಾರವೇ ಎಂದಿತು. ಹೀಗಾಗಿ ತಾಯಿ ಕಾರ್ಡ್ ಮಾಡಿಸಿದರೆ ವಯಸ್ಸು ಬಯಲಾಗುತ್ತದೆಂದು ಮನೆಯವರು ಬಚ್ಚಿಡುತ್ತಾರೆ. ಮೂರನೇ ತಿಂಗಳು ಬರಬೇಕಾದವಳು ನೋವು ಶುರುವಾದ ಮೇಲೆ ಬರುತ್ತಾಳೆ. ಇದಕ್ಕೆ ಕೋರ್ಟೇ ಕಿಟಕಿಯೊಂದನ್ನು ತೆರೆದಿದೆ: 2022ರ ಸೆಪ್ಟೆಂಬರಿನ ತೀರ್ಪಿನಂತೆ, ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಅವಳ ಹೆಸರು ಹೇಳಬೇಕಿಲ್ಲ. ಇದನ್ನು ಹಳ್ಳಿಯಲ್ಲಿ ಹೇಳಿದವರು ಯಾರು?

ಆದರೆ ‘ಕಾನೂನು ಸಡಿಲಿಸಿ’ ಅನ್ನುವುದಕ್ಕೆ ನನ್ನ ತಕರಾರಿದೆ. ತಪ್ಪು ಕಾನೂನಿನದಲ್ಲ, ಅದನ್ನು ಹೆರಿಗೆ ವಾರ್ಡಿನಿಂದ ಶುರು ಮಾಡುವುದರದು. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲೇ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೊದಲಿಂದಲೇ ಅಸಿಂಧು ಮಾಡಿತು. ಪಿಡಿಒ, ಮುಖ್ಯಶಿಕ್ಷಕರಿಗೂ ಅದನ್ನು ತಡೆಯುವ ಅಧಿಕಾರವಿದೆ. ನಾಲ್ಕೂ ತಾಲ್ಲೂಕಿನ ಹೈಸ್ಕೂಲುಗಳು ಮಧುಗಿರಿಯ ಒಂದೇ ಡಿಡಿಪಿಐ ಕಚೇರಿಯ ಕೆಳಗಿವೆ, ಒಬ್ಬೊಬ್ಬ ಹುಡುಗಿಗೂ ಶಿಕ್ಷಣ ಇಲಾಖೆಯ ಸ್ಯಾಟ್ಸ್ ದಾಖಲೆಯಲ್ಲಿ ನಂಬರಿದೆ. ಎಸ್ಸೆಸ್ಸೆಲ್ಸಿ ಫೇಲಾಗಿ ಮರುಪರೀಕ್ಷೆಗೆ ಕಟ್ಟದವಳು, ಒಂಬತ್ತನೇ ಕ್ಲಾಸಿನಲ್ಲಿ ಹತ್ತು ದಿನದಿಂದ ಗೈರಾದವಳು ಯಾರೆಂದು ತಿಳಿಯಲು ಹೊಸ ಸಮೀಕ್ಷೆ ಬೇಕಿಲ್ಲ.

‘ಪಾವಗಡದಲ್ಲಿ ತಡೆದರೆ ಆಂಧ್ರದ ದೇವಸ್ಥಾನಕ್ಕೆ ಹೋಗಿ ಕಟ್ತಾರೆ.’

ಹೋಗಬಹುದು, ತಾಲ್ಲೂಕನ್ನು ಬಹುಪಾಲು ಸುತ್ತಿಕೊಂಡಿರುವುದೇ ಆಂಧ್ರ. ಆದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಅಲ್ಲಿಗೂ ಅನ್ವಯ. ಭಾನುವಾರ ಗಡಿಯಾಚೆ ತಾಳಿ ಕಟ್ಟಿಸಿಕೊಂಡವಳು ಸೋಮವಾರ ಬೆಂಚಿನಲ್ಲಿ ಇಲ್ಲ ಅನ್ನುವುದು ಈಚೆಯ ಮೇಷ್ಟರಿಗೇ ಮೊದಲು ಗೊತ್ತಾಗುವುದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಲು ಅವರಿಗೆ ಯಾವ ಗಡಿಯೂ ಅಡ್ಡ ಬರುವುದಿಲ್ಲ.